ಗೆಳೆಯನ ಮಾನ, ಗೆಳೆಯನ ಪ್ರಾಣ

ನಾಗಪುರದಿಂದ ಭಂಡಾರೆಗೆ ಹೋಗುವ ಹಾದಿಯಲ್ಲಿ, ಕನ್ಹಾನ್ ನದಿಯ ದಂಡೆಯ ಮೇಲೆ ಮೌದಾ ಇದೆ. ಅಲ್ಲಿಂದ ಮೂಡಲಿಗೆ ಬಹುದೂರ ಸಾಗಿದರೆ ಆಮಗಾಂವದ ಬಳಿ ಪದಮಪುರವೆಂಬ ಹಳ್ಳಿ. ಎಂಟನೆಯ ಶತಮಾನದ ಭವಭೂತಿಯು ತನ್ನ ವಂಶದ ನೆಲೆಯೆಂದು ಹೇಳಿಕೊಂಡ ವಿದರ್ಭದ ಪದ್ಮಪುರವು ಇದೇ ಎಂದು ವಾ. ವಿ. ಮಿರಾಶಿಯವರು ಗುರುತಿಸಿದ್ದಾರೆ.

ಭವಭೂತಿಯ ಮೂರು ನಾಟಕಗಳಲ್ಲಿಯೂ ವಿದೂಷಕನಿಲ್ಲ. 'ಮಾಲತೀಮಾಧವ'ದಲ್ಲಿ ಆ ಎಡೆಯನ್ನು ತುಂಬಿದವನು ನಾಯಕನ ಗೆಳೆಯನಾದ ಮಕರಂದ. ಹುಲಿಯೊಡನೆ ಹೋರಾಡಿದ ಈ ವೀರನೇ ಮಾಲತಿಯ ಉಡುಗೆಯುಟ್ಟು, ವಧುವಿನಂತೆ ನಟಿಸಿ, ಬೇಡದ ವರನನ್ನು ನಗೆಪಾಟಲಿಗೀಡುಮಾಡುತ್ತಾನೆ. ಮಾಲತಿಯು ಅಪಹೃತಳಾಗಿ ಮಾಧವನು ಮೂರ್ಛೆಗೊಂಡಾಗ, ಅವನೂ ಇಲ್ಲವಾದನೆಂದು ಬಗೆದು ಬೆಟ್ಟದಿಂದ ಧುಮುಕಲು ಸಿದ್ಧನಾಗುತ್ತಾನೆ.

ಈತನ ಪಕ್ಕದಲ್ಲಿ 'ರೋಮಿಯೋ ಮತ್ತು ಜೂಲಿಯೆಟ್' ದುರಂತದ ಮರ್ಕ್ಯೂಷಿಯೋನನ್ನು ನಿಲ್ಲಿಸಿ ನೋಡಬೇಕು. ಆರ್ಥರ್ ಬ್ರೂಕನ ೧೫೬೨ರ ಕಥನಕಾವ್ಯದಲ್ಲಿ ಇವನು ಔತಣದಲ್ಲೊಮ್ಮೆ ಕಾಣಿಸಿಕೊಂಡು ಮರೆಯಾಗುವ ವ್ಯಕ್ತಿ. ಅವನಿಗೆ ಗೆಳೆತನವನ್ನೂ ಮರಣವನ್ನೂ ಕೊಟ್ಟವನು ಷೇಕ್ಸ್‌ಪಿಯರ್. ವೈರದ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರದ ಈ ರಾಜಬಂಧು, ಟಿಬಾಲ್ಟನ ನಿಂದೆಯನ್ನು ರೋಮಿಯೋ ಸಹಿಸಿಕೊಂಡಾಗ ತಾನು ಸಹಿಸಲಾರದೆ ಕತ್ತಿ ಹಿರಿಯುತ್ತಾನೆ. ಗಾಯಗೊಂಡು, ಸಾವನ್ನೂ ಪರಿಹಾಸ ಮಾಡಿ, ಎರಡೂ ಮನೆಗಳನ್ನು ಶಪಿಸಿ ಅಳಿಯುತ್ತಾನೆ.

ನಮ್ಮ ಪೂರ್ವಿಕರು ಒಡೆಯನ ಅನ್ನದ ಋಣಕ್ಕೆ ಪ್ರಾಣ ತೆರುವುದನ್ನು ಜೋಳವಾಳಿ ಎಂದರು. ೧೨೨೦ರಲ್ಲಿ ಎರಡನೆಯ ವೀರಬಲ್ಲಾಳನು ತೀರಿಕೊಂಡಾಗ ಕುವರಲಕ್ಷ್ಮನು ಒಡೆಯನೊಡನೆ ಪ್ರಾಣಾರ್ಪಣೆ ಮಾಡಿದ್ದನ್ನು ಹಳೇಬೀಡಿನ ಸ್ತಂಭಶಾಸನ ಸಾರುತ್ತದೆ. ಮರ್ಕ್ಯೂಷಿಯೋ, ಮಕರಂದ ಇಬ್ಬರಿಗೂ ಅಂತಹ ಋಣವಿರಲಿಲ್ಲ; ಇದ್ದುದು ಗೆಳೆತನವೊಂದೇ.

ಆದರೂ ಅವರಿಬ್ಬರ ನಿಷ್ಠೆ ಒಂದೇ ಬಗೆಯದಲ್ಲ. ಮರ್ಕ್ಯೂಷಿಯೋ ಕಾದಾಡಿದ್ದು ಗೆಳೆಯನು ಬೇಡದಿದ್ದ ಮಾನಕ್ಕಾಗಿ. ಅವನ ಸಾವಿಗೆ ಸೇಡು ತೀರಿಸಲೆಂದೇ ರೋಮಿಯೋ ಟಿಬಾಲ್ಟನನ್ನು ಕೊಂದು ಗಡೀಪಾರಾದನು. ದುರಂತದ ಬಾಗಿಲು ತೆರೆದದ್ದು ಅಲ್ಲಿಯೇ. ಮಕರಂದನಾದರೋ ಗೆಳೆಯನ ಬಾಳು ಹಸನಾಗಲೆಂದು ತನ್ನ ಮಾನವನ್ನೇ ಬದಿಗಿರಿಸಿ ಹೆಣ್ಣುಡುಗೆ ಉಟ್ಟನು. ಒಬ್ಬನು ಗೆಳೆಯನ ಮಾನವನ್ನು ಕಾಯಹೋಗಿ ಅವನ ಬಾಳನ್ನು ಕೆಡಿಸಿದನು. ಇನ್ನೊಬ್ಬನು ತನ್ನ ಮಾನವನ್ನು ಮರೆತು ಗೆಳೆಯನ ಬಾಳನ್ನು ಉಳಿಸಿದನು.

ಪರಸ್ಥಳದಲ್ಲಿ ನೆಲೆಸಿದ ನಮಗೆ, ಯಾವ ಜೋಳದ ಋಣವೂ ಇಲ್ಲದೆ ಹೊತ್ತಿಗೊದಗುವವರ ಬೆಲೆ ತಿಳಿದಿದೆ. ಅವರಲ್ಲಿ ಮರ್ಕ್ಯೂಷಿಯೋನ ಧೈರ್ಯವನ್ನು ಮೆಚ್ಚೋಣ. ಬಯಸುವುದಾದರೆ ಮಕರಂದನನ್ನು ಬಯಸೋಣ.