ವಾಡಿ ಜಂಕ್ಷನ್ನೂ ಬ್ಯಾಂಡ್ ಮ್ಯಾಟ್ರಿಕ್ಸೂ

ಎಂಜಿನಿಯರಿಂಗ್ ಓದಿದ ಬಹಳ ಜನರಿಗೆ ಮ್ಯಾಟ್ರಿಕ್ಸ್ ಅಂದ್ರೆ ಪರೀಕ್ಷೆಯ ದಿನಕ್ಕೇ ಮುಗಿದ ಕಥೆ. ನನಗೆ ಮಾತ್ರ ಅದು ನಮ್ಮ ಕೊಡ್ಲಿ ಸೀಮೆಯ ಕಥೆ. ಯಾಕೆ ಅಂತೀರಾ?

ಸೇಡಂ ಹತ್ತಿರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲೊಂದು ಲೆಕ್ಕ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿದರೆ 101. ಒಂದೊಂದರ ಬೆಲೆ ಎಷ್ಟು? ಮಾದಲಕ್ಕೆ 8, ಬೇಲಕ್ಕೆ 5.

ಎರಡೇ ಅಜ್ಞಾತಗಳು, ಕೈಯಲ್ಲೇ ಮುಗಿಯುತ್ತೆ. ಸಾವಿರ ಇದ್ದರೆ? ಮ್ಯಾಟ್ರಿಕ್ಸ್‌ನಲ್ಲಿ ಹತ್ತು ಲಕ್ಷ ಮನೆ. ಒಂದೊಂದೇ ಅಜ್ಞಾತವನ್ನು ತೆಗೆಯುತ್ತಾ ಹೋದರೆ ಸುಮಾರು 33 ಕೋಟಿ ಗುಣಾಕಾರ!

ಆದರೆ ಸೇತುವೆಯಲ್ಲಾಗಲಿ ಹಡಗಿನಲ್ಲಾಗಲಿ ಪ್ರತಿ ಬಿಂದುವಿಗೆ ಸಂಬಂಧ ಇರೋದು ಅಕ್ಕಪಕ್ಕದವುಗಳ ಜೊತೆ ಮಾತ್ರ. ಮಿಕ್ಕ ಮನೆಗಳೆಲ್ಲ ಸೊನ್ನೆ. 1874ರಲ್ಲಿ, ನಿಜಾಮರ ಕಾಲದಲ್ಲಿ, ಶುರುವಾದ ವಾಡಿ-ಸಿಕಂದರಾಬಾದ್ ರೈಲು ಮಾರ್ಗವನ್ನೇ ತಗೊಳ್ಳಿ. ದೊಡ್ಡ ನಿಲ್ದಾಣಗಳು ಸಾಕು: ವಾಡಿ 1, ಚಿತ್ತಾಪುರ 2, ಮಳಖೇಡ ರೋಡ್ 3, ಸೇಡಂ 4. ಅಕ್ಕಪಕ್ಕದ ನಿಲ್ದಾಣಗಳ ನಂಬರುಗಳ ನಡುವಿನ ಅತಿ ದೊಡ್ಡ ಅಂತರವೇ ಬ್ಯಾಂಡ್‌ವಿಡ್ತ್. ಇಲ್ಲಿ ಅದು 1. ಸೊನ್ನೆಯಲ್ಲದ್ದೆಲ್ಲ ಕರ್ಣಕ್ಕೆ ಅಂಟಿಕೊಂಡ ಸಣ್ಣ ಪಟ್ಟಿಯಲ್ಲೇ ಇರುತ್ತೆ. ಇಂಥ ಸಾಲಿನಲ್ಲಿ ಸಾವಿರ ನಿಲ್ದಾಣ ಇದ್ದರೂ ಕೆಲವೇ ಸಾವಿರ ಗುಣಾಕಾರ ಸಾಕು. ಅದೇ ಊರುಗಳಿಗೆ ಅಕಾರಾದಿಯಾಗಿ ನಂಬರ್ ಕೊಡಿ: ಚಿತ್ತಾಪುರ 1, ಮಳಖೇಡ 2, ವಾಡಿ 3, ಸೇಡಂ 4. ಬ್ಯಾಂಡ್‌ವಿಡ್ತ್ 2 ಆಯ್ತು. ಹಳಿ ಅದೇ, ಬದಲಾಗಿದ್ದು ನಂಬರ್ ಮಾತ್ರ!

ಇನ್ನು ವಾಡಿಯಿಂದ ಶಹಾಬಾದ್ ಕಡೆಗೂ ಯಾದಗಿರಿ ಕಡೆಗೂ ಹಳಿ ಇದೆಯಲ್ಲ, ಅವನ್ನೂ ಸೇರಿಸಿದರೆ ವಾಡಿಗೆ ಮೂವರು ನೆಂಟರು. ಯಾವುದೇ ನಂಬರಿಗೆ ಒಂದು ಹಿಂದೆ, ಒಂದು ಮುಂದೆ, ಎರಡೇ ಜಾಗ. ಹಾಗಾಗಿ ಹೇಗೆ ಜೋಡಿಸಿದರೂ 2ಕ್ಕಿಂತ ಇಳಿಯಲ್ಲ.

ಒಳ್ಳೆ ನಂಬರ್ ಹುಡುಕುವ ಹೆಸರಾಂತ ವಿಧಾನವೊಂದನ್ನು 1969ರಲ್ಲಿ ಕೊಟ್ಟವರು ಅಮೆರಿಕದ ನೌಕಾಪಡೆಯ ಹಡಗು ಸಂಶೋಧನಾ ಕೇಂದ್ರದ ಎಲಿಜಬೆತ್ ಕಟ್‌ಹಿಲ್ ಮತ್ತು ಜೇಮ್ಸ್ ಮೆಕ್ಕೀ. ಸರಳ ಉಪಾಯ: ಕಡಿಮೆ ನೆಂಟರಿರುವ ತುದಿಯಿಂದ ಶುರು ಮಾಡಿ, ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ ನಂಬರ್ ಕೊಡುತ್ತಾ ಹೋಗು. 1971ರಲ್ಲಿ ಅಲನ್ ಜಾರ್ಜ್ ಆ ಕ್ರಮವನ್ನು ತಿರುಗಿಸಿಟ್ಟರೆ ಕೆಲಸ ಇನ್ನೂ ಉಳಿಯುತ್ತೆ ಅಂತ ತೋರಿಸಿದ. ಆದರೆ ಎಲ್ಲಕ್ಕಿಂತ ಒಳ್ಳೆಯ ಕ್ರಮ? ಅದನ್ನು ಹುಡುಕೋದು ಎನ್‌ಪಿ-ಕಂಪ್ಲೀಟ್ ಅಂತ 1976ರಲ್ಲಿ ಪಾಪಾಡಿಮಿಟ್ರಿಯು ಸಾಧಿಸಿದ. ಎಲ್ಲ ಜಾಲಗಳಿಗೂ ಒಗ್ಗುವ ವೇಗದ ದಾರಿ ಇವತ್ತಿಗೂ ಸಿಕ್ಕಿಲ್ಲ.

ಕಂಪ್ಯೂಟರ್ ಎಷ್ಟೇ ಜೋರಾಗಿರಲಿ, ಯಾರ ಪಕ್ಕ ಯಾರನ್ನು ಕೂರಿಸಬೇಕು ಅನ್ನೋ ವಿವೇಕಕ್ಕೆ ಬೆಲೆ ಇದ್ದೇ ಇದೆ. ನಿಮ್ಮೂರಿನ ಜಂಕ್ಷನ್ನಿಗೂ ಒಂದ್ಸಲ ನಂಬರ್ ಕೊಟ್ಟು ನೋಡಿ, ಎಷ್ಟು ಬರುತ್ತೆ ಅಂತ ಹೇಳಿ :)