ಪಿಗ್ಮಿ ಚೀಲದಿಂದ ಮಂತ್ರಿಮಂಡಲಕ್ಕೆ

ಬೈಲಹೊಂಗಲದ ಅರಳೆ ಪೇಟೆಯಲ್ಲಿ ಕೀರ್ದಿ-ಖಾತೆ ಬರೆಯುತ್ತ ಕುಳಿತ ಅಡತಿ ವರ್ತಕರೊಬ್ಬರನ್ನು ಒಯ್ದು ದಿಲ್ಲಿಯ ಮಂತ್ರಿಪೀಠದಲ್ಲಿ ಕೂರಿಸಿದರೆ ರಾಜ್ಯಭಾರ ಸುಧಾರಿಸೀತೇ? ಕೇಳಿದವರು ನಕ್ಕಾರು. ಆದರೆ ಅಮೆರಿಕದಲ್ಲಿ ಇದು ಹಳೆಯ ರೂಢಿ. 1953ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಅಧ್ಯಕ್ಷ ಚಾರ್ಲ್ಸ್ ವಿಲ್ಸನ್ ರಕ್ಷಣಾ ಕಾರ್ಯದರ್ಶಿಯಾದರು. ಕಂಪನಿಯಲ್ಲಿದ್ದ ತಮ್ಮ ಷೇರುಗಳನ್ನು ಮಾರಲು ಒಪ್ಪಿದ ಮೇಲೆಯೇ ಸೆನೆಟ್ ಸಭೆ ಅವರನ್ನು ಒಪ್ಪಿತು. 1961ರಲ್ಲಿ ಫೋರ್ಡ್ ಕಂಪನಿಯ ರಾಬರ್ಟ್ ಮ್ಯಾಕ್‌ನಮಾರಾ ಅದೇ ಪೀಠವನ್ನೇರಿದರು.

ನಮ್ಮ ನಾಡಿನಲ್ಲಿ ಈ ದಾರಿಯನ್ನು ಹಿಡಿದವರು ತೋನ್ಸೆ ಅನಂತ ಪೈಗಳು. ಟಿ. ಎ. ಪೈ ಎಂದೇ ಅವರು ಪ್ರಸಿದ್ಧರು. ಜನನ 1922. ಅವರ ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾ. ಟಿ. ಎಂ. ಎ. ಪೈ ಹಾಗೂ ವಾಮನ ಕುಡ್ವ ಈ ಮೂವರು ಸೇರಿ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದಿದ್ದರು. ಮೂಲಧನ ಎಂಟು ಸಾವಿರ ರೂಪಾಯಿ. ಉದ್ದೇಶ, ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದವರಿಗೆ ನೆರವು. 1928ರಲ್ಲಿ ಹುಟ್ಟಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆಯುತ್ತಿದ್ದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ್ದು ಇದೇ.

ಈ ಗರಡಿಯಲ್ಲಿ ಪಳಗಿದ ಪೈಗಳನ್ನು ಸರಕಾರ ತಾನಾಗಿಯೇ ಕರೆಯಿತು. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. 1969ರಲ್ಲಿ ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಅವರ ಮನೆತನದ ಬ್ಯಾಂಕೂ ಒಂದು. ಕೈತಪ್ಪಿತೆಂದು ಅವರು ಮುನಿಸಿಕೊಂಡು ಕೂರಲಿಲ್ಲ. ಜೀವವಿಮಾ ನಿಗಮದ ಹೊಣೆ ಹೊತ್ತರು. 1972ರಲ್ಲಿ ರೈಲ್ವೆ ಮಂತ್ರಿಯಾದರು. ಅನಂತರ ಭಾರಿ ಕೈಗಾರಿಕೆ, ಉಕ್ಕು ಮತ್ತು ಗಣಿ, ಕೈಗಾರಿಕೆ ಖಾತೆಗಳು ಬಂದವು.

ಅಂಗಡಿಯ ಯಜಮಾನನಿಗೂ ಮಂತ್ರಿಗೂ ಇರುವ ಅಂತರ ಅವರಿಗೆ ಅರಿವಾದದ್ದು ಇಲ್ಲಿಯೇ. 1975ರಲ್ಲಿ ಮಾರುತಿ ಕಾರಿನ ಕಾರಖಾನೆಯನ್ನು ಕುರಿತು ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಉತ್ತರಕ್ಕೆ ಬೇಕಾದ ಮಾಹಿತಿ ಕಲೆಹಾಕಿದ ನಾಲ್ವರು ಅಧಿಕಾರಿಗಳು ತೊಂದರೆಗೆ ಗುರಿಯಾದರು. ಅವರಲ್ಲಿ ಪೈಗಳ ಇಲಾಖೆಯವರೂ ಇದ್ದರು. ತಮ್ಮ ಬ್ಯಾಂಕಿನ ಗುಮಾಸ್ತನನ್ನು ಕಾಯಬಲ್ಲವರು ತಮ್ಮ ಇಲಾಖೆಯವರನ್ನು ಕಾಯಲಾರದೆ ಹೋದರು. ತುರ್ತುಪರಿಸ್ಥಿತಿ ಕಳೆದು 1977ರಲ್ಲಿ ಶಾ ಆಯೋಗ ಕುಳಿತಾಗ ಪೈಗಳು ಅದರ ಮುಂದೆ ಈ ಸಂಗತಿಗೆ ಸಾಕ್ಷಿ ನುಡಿದರು. ತಡವಾಯಿತೆಂದು ಟೀಕಿಸುವವರು ಟೀಕಿಸಲಿ. ಬಾಯಿಮುಚ್ಚಿ ಕುಳಿತವರೇ ಹೆಚ್ಚಾಗಿದ್ದ ಕಾಲ ಅದೆಂಬುದನ್ನೂ ನೆನೆಯಬೇಕು. 1981ರಲ್ಲಿ ಅವರು ತೀರಿಕೊಂಡರು.

ನಮ್ಮ ಸೀಮೆಗೂ ಈ ಕಥೆಯ ಎಳೆಯೊಂದು ಬಂದು ಮುಟ್ಟಿದೆ. ಪೈಗಳು ಮಂತ್ರಿಯಾಗಿದ್ದಾಗಲೇ, 1976ರಲ್ಲಿ, ಸಿಂಡಿಕೇಟ್ ಬ್ಯಾಂಕಿನ ಆಶ್ರಯದಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಸ್ಥಾಪನೆಯಾಯಿತು. ಸವದತ್ತಿಯ ಮಗ್ಗುಲಲ್ಲಿ ತುಂಬಿ ನಿಂತು ರಾಮದುರ್ಗದ ಕಡೆಗೆ ಹರಿಯುವ ಹೊಳೆಯ ಹೆಸರೇ ಅದಕ್ಕೆ. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಫಲಕಗಳು ಬದಲಾದವು. ಆದರೆ ಕಿತ್ತೂರಿನ ಸಣ್ಣ ರೈತನೂ ರಾಮದುರ್ಗದ ನೇಕಾರನೂ ಸಾಲ ಕೊಡಲು ಯೋಗ್ಯರು ಎಂಬ ನಂಬಿಕೆ ಉಳಿಯಿತು.

ವ್ಯಾಪಾರಿಯಿಂದ ರಾಜ್ಯಭಾರ ಸುಧಾರಿಸೀತೇ ಎಂದು ಮೊದಲು ಕೇಳಿದೆವಲ್ಲ? ಲೆಕ್ಕದ ಶಿಸ್ತನ್ನು ಆತ ತಂದಾನು. ಅಧಿಕಾರದ ಎದುರು ನಿಜ ಹೇಳುವ ಧೈರ್ಯವನ್ನು ಮಾತ್ರ ಯಾವ ಅಂಗಡಿಯೂ ಕಲಿಸದು. ಅದನ್ನು ಮನುಷ್ಯ ತಾನೇ ಗಳಿಸಬೇಕು.