ಸ್ಕೀ ಬೈಂಡಿಂಗ್ ಟೈಟ್ ಇದ್ದಷ್ಟೂ ಸೇಫಾ? ಡೆಮೊ ಸ್ಕೀ ತೊಡುವ ಮುನ್ನ ಓದಿ

ಹಿಮದಲ್ಲಿ ಸ್ಕೀ ಆಡಲು ಹೊರಟವರಿಗೆ ಗೆಳೆಯರು ತಪ್ಪದೆ ಕೊಡುವ ಸಲಹೆ ಒಂದಿದೆ: “ಬೈಂಡಿಂಗ್ ಚೆನ್ನಾಗಿ ಟೈಟ್ ಮಾಡಿಸ್ಕೋ, ಇಲ್ಲಾಂದ್ರೆ ಮಧ್ಯದಲ್ಲೇ ಸ್ಕೀ ಕಳಚಿ ಬೀಳ್ತೀಯ.” ಕೇಳುವುದಕ್ಕೆ ಸರಿ ಎನಿಸುತ್ತದೆ. ಆದರೆ ಮನೆಯಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇಲ್ಲಿ ಸುಡುವುದು ವೈರಿಂಗ್ ಅಲ್ಲ, ಮುರಿಯುವುದು ಕಾಲಿನ ಮೂಳೆ.

ಡೆಮೊ ಸ್ಕೀ ಅಂದರೆ ಏನು? ಯುರೋಪಿನ ಆಲ್ಪ್ಸ್, ಅಮೆರಿಕ, ಜಪಾನ್‌ಗಳ ಸ್ಕೀ ರೆಸಾರ್ಟ್‌ಗಳಲ್ಲಿ ಹೊಸ ಮಾಡೆಲ್‌ಗಳನ್ನು ಕೊಳ್ಳುವ ಮುನ್ನ ಆಡಿ ನೋಡಲು ಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದು ಬದಲಿಸಬಹುದು. ಕೊಂಡರೆ ಬಾಡಿಗೆ ಹಣವನ್ನು ಬೆಲೆಯಲ್ಲಿ ಕಳೆಯುವ ಅಂಗಡಿಗಳೂ ಇವೆ. ಗುಲ್ಮಾರ್ಗ್, ಔಲಿಗಳಲ್ಲಿ ಸಿಗುವ ಸಾಮಾನ್ಯ ಬಾಡಿಗೆ ಸ್ಕೀಗೂ ಕೆಳಗಿನ ಬಹುತೇಕ ಮಾತು ಅನ್ವಯಿಸುತ್ತದೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಸ್ಪ್ರಿಂಗ್ ಸಾಧನವೇ ಬೈಂಡಿಂಗ್. ಅದಕ್ಕೆ ಎರಡು ಕೆಲಸ: ಆಡುವಾಗ ಬೂಟನ್ನು ಬಿಡಬಾರದು, ಬಿದ್ದಾಗ ಬಿಡಲೇಬೇಕು. ಕಾಲು ತಿರುಚಿದರೆ ಮುಂಭಾಗ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಮುಗ್ಗರಿಸಿದರೆ ಹಿಮ್ಮಡಿ ಭಾಗ ಮೇಲಕ್ಕೆ ತೆರೆದುಕೊಳ್ಳುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಆರೆಗಾನ್‌ನಲ್ಲಿ ನೆಲೆಸಿದ್ದ ಸ್ಕೀ ಪಟು ಯಾಲ್ಮಾರ್ ಹ್ವಾಮ್ 1937ರಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ ಇಂಥದ್ದೊಂದು ಬೈಂಡಿಂಗ್ ಯೋಚಿಸಿದರು. ಅದಕ್ಕೂ ಮುಂಚೆ ಚರ್ಮದ ಪಟ್ಟಿ, ಕೇಬಲ್‌ಗಳಿಂದ ಕಾಲನ್ನು ಕಟ್ಟಿಹಾಕುತ್ತಿದ್ದರು. ಬಿದ್ದರೆ ಉದ್ದನೆಯ ಸ್ಕೀ ಸನ್ನೆಯಂತೆ ವರ್ತಿಸಿ ಕಾಲನ್ನೇ ತಿರುಚುತ್ತಿತ್ತು.

ಎಷ್ಟು ಬಲ ಬಿದ್ದರೆ ಬಿಡಬೇಕು ಎಂಬುದನ್ನು ಬೈಂಡಿಂಗ್ ಮೇಲಿನ ಸಣ್ಣ ಕಿಟಕಿಯ ಸಂಖ್ಯೆ ಹೇಳುತ್ತದೆ. ರೂಢಿಯಲ್ಲಿ ಅದನ್ನು ‘ಡಿನ್’ ಎನ್ನುತ್ತಾರೆ. ಅದು ಕಿಲೋ ಅಲ್ಲ, ಧೈರ್ಯದ ಅಳತೆಯೂ ಅಲ್ಲ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಆಡುವ ಶೈಲಿ ಇವಿಷ್ಟನ್ನು ಕೋಷ್ಟಕದಲ್ಲಿ ಹುಡುಕಿದರೆ ಸಿಗುವ ಸಂಖ್ಯೆ. 50 ದಾಟಿದವರಿಗೆ ಕೋಷ್ಟಕವೇ ಒಂದು ಮೆಟ್ಟಿಲು ಕಡಿಮೆ ಮಾಡುತ್ತದೆ. ಒಂದೇ ತೂಕದ ಇಬ್ಬರಲ್ಲಿ ಉದ್ದ ಬೂಟಿನವರಿಗೆ ಸಂಖ್ಯೆ ಕಡಿಮೆ ಬರುತ್ತದೆ. ಇದನ್ನು ಕಂಡು ಅಂಗಡಿಯವರು ತಪ್ಪು ಮಾಡಿದರೆಂದು ಜಗಳಕ್ಕೆ ನಿಲ್ಲಬೇಡಿ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಕಡಿಮೆ ಬಲಕ್ಕೇ ನಟ್ ತಿರುಗುವುದಿಲ್ಲವೇ? ಅದೇ ಲೆಕ್ಕ.

ಫಾರ್ಮ್‌ನಲ್ಲಿ ಸುಳ್ಳು ಬರೆಯುವವರು ಕಡಿಮೆಯಿಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣಬಾರದೆಂದು ತೂಕ ಇಳಿಸಿ ಬರೆದರೆ ಸ್ಕೀ ಬೇಗ ಕಳಚಬಹುದು. ಶೈಲಿಯ ಪ್ರಶ್ನೆ ಇನ್ನೂ ಅಪಾಯದ್ದು. ಎಚ್ಚರಿಕೆಯಿಂದ ಆಡುವವರು, ಮಧ್ಯಮ, ಜೋರಾಗಿ ಆಡುವವರು ಎಂದು 3 ಆಯ್ಕೆಗಳಿರುತ್ತವೆ. ಎರಡೇ ದಿನ ಕಲಿತವರು ಮೂರನೆಯದಕ್ಕೆ ಟಿಕ್ ಹಾಕಿದರೆ, ಕಳಚಬೇಕಾದ ಹೊತ್ತಿನಲ್ಲಿ ಸ್ಕೀ ಕಾಲನ್ನು ಹಿಡಿದೇ ಇರುತ್ತದೆ. ಇಲ್ಲಿ ಸಂಕೋಚಕ್ಕೆ ಜಾಗವಿಲ್ಲ, ನಿಜವನ್ನೇ ಬರೆಯಿರಿ.

ಈಗ ಡೆಮೊ ಸ್ಕೀಯದ್ದೇ ತೊಡಕು. ಸ್ವಂತ ಸ್ಕೀಯಲ್ಲಿ ಬೈಂಡಿಂಗನ್ನು ಸಾಮಾನ್ಯವಾಗಿ ಒಬ್ಬರ ಬೂಟಿಗೆ ತಕ್ಕಂತೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಡೆಮೊ ಸ್ಕೀಯಲ್ಲಿ ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ, ಯಾರ ಬೂಟಾದರೂ ಹಿಡಿಸಲೆಂದು. ಅಂದರೆ ನೀವು ಕೈಗೆತ್ತಿಕೊಂಡ ಸ್ಕೀಯಲ್ಲಿ ನಿನ್ನೆಯವರ ಅಳತೆ, ನಿನ್ನೆಯವರ ಸಂಖ್ಯೆ ಇರಬಹುದು. ಹಾಗಾಗಿ ಪ್ರತಿ ಸಲ ಸ್ಕೀ ಬದಲಿಸಿದಾಗಲೂ ಹೊಸದಾಗಿ ಹೊಂದಿಸಬೇಕು, ದಿನಕ್ಕೆ 4 ಬಾರಿ ಬದಲಿಸಿದರೆ 4 ಬಾರಿಯೂ. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಅಟ್ಟೆಯ ಉದ್ದ ಮಿಲಿಮೀಟರ್‌ನಲ್ಲಿ ಅಚ್ಚಾಗಿರುತ್ತದೆ, 305 ಎಂಬಂತೆ. 26.5 ಎಂದಿದ್ದರೆ ಅದು ಪಾದದ ಸೈಜು. ಎರಡನ್ನೂ ಬೆರೆಸಬೇಡಿ.

ಹಳಿಯ ಮೇಲೆ ಉದ್ದ ಕೂಡಿದರೆ ಸಾಲದು. ಹಿಮ್ಮಡಿ ಭಾಗ ಬೂಟನ್ನು ಮುಂದಕ್ಕೆ ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತಿದೆಯೇ ಎಂದು ತೋರಿಸುವ ಗುರುತೂ ಇರುತ್ತದೆ. ಅದು ತಪ್ಪಿದ್ದರೆ ಕಿಟಕಿಯ ಸಂಖ್ಯೆ ಸರಿಯಿದ್ದೂ ಪ್ರಯೋಜನವಿಲ್ಲ. ಬೂಟಿನ ಅಟ್ಟೆಯಲ್ಲೂ ಬಗೆಗಳಿವೆ: ಚಪ್ಪಟೆಯ ಹಳೆಯ ಬಗೆ, ನಡೆಯಲು ಅನುಕೂಲವಾದ ಗ್ರಿಪ್‌ವಾಕ್, ಬೆಟ್ಟ ಹತ್ತುವವರ ಟೂರಿಂಗ್. ಎಲ್ಲ ಬೈಂಡಿಂಗ್‌ಗೂ ಎಲ್ಲ ಅಟ್ಟೆ ಹೊಂದುವುದಿಲ್ಲ. ಇನ್ನು ಇಳಿಜಾರಿನ ಮಧ್ಯದಲ್ಲಿ “ನಿಂದು ಕೊಡು, ನಂದು ತಗೋ” ಎಂದು ಗೆಳೆಯರು ಸ್ಕೀ ಅದಲುಬದಲು ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಬೂಟು ಕ್ಲಿಕ್ ಎಂದು ಕೂತಿತು ಎಂದರೆ ಹೊಂದಿತು ಎಂದರ್ಥವಲ್ಲ.

ಹಾಗಾದರೆ ಸರಿಯಾಗಿ ಹೊಂದಿಸಿದರೆ ಮೊಣಕಾಲು ಕ್ಷೇಮವೇ? ಪೂರ್ತಿ ಅಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಶುಗರ್‌ಬುಷ್ ರೆಸಾರ್ಟ್‌ನಲ್ಲಿ 1972ರಿಂದ ದಶಕಗಳ ಕಾಲ ಗಾಯಗಳ ಲೆಕ್ಕ ಇಟ್ಟ ಸಂಶೋಧಕರಿಗೆ ಕಂಡದ್ದು ಇದು: ಮೊಣಕಾಲ ಕೆಳಗಿನ ಮೂಳೆ ಮುರಿತ ಭಾರೀ ಇಳಿಯಿತು, ಆದರೆ ಮೊಣಕಾಲೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಇಳಿಯಲಿಲ್ಲ, 1980ರ ದಶಕದಲ್ಲಿ ಏರಿತು. ಹಿಂದಕ್ಕೆ ಕುಸಿದು ಕೂತಾಗ ಸ್ಕೀಯ ಬಾಲದ ಅಂಚು ಹಿಮಕ್ಕೆ ಕಚ್ಚಿ ಮೊಣಕಾಲನ್ನು ತಿರುಚುತ್ತದೆ. ಆ ತಿರುಚು ಬೈಂಡಿಂಗ್‌ಗೆ ಗೊತ್ತಾಗದೆ ಹೋಗಬಹುದು. ಆದ್ದರಿಂದ ಜಾರುತ್ತಿರುವಾಗಲೇ ಏಳಲು ಹೆಣಗಬೇಡಿ. ಆಯ ತಪ್ಪಿದಾಗ ಕೂತುಬಿಡಲು ನೋಡಬೇಡಿ. ಕೈಗಳನ್ನು ಮುಂದಕ್ಕೆ ಇಟ್ಟುಕೊಳ್ಳಿ.

ಜೊತೆಗೆ ಓಡಾಡುವ ಇನ್ನೊಂದು ಮಾತು: ಮೇಲೆತ್ತಿದ ಕೈಯ ಮಣಿಕಟ್ಟಿನಷ್ಟು ಉದ್ದದ ಸ್ಕೀ ಬೇಕು ಎಂಬುದು. ಇದು ನೇರ ಸ್ಕೀಗಳ ಕಾಲದ್ದು. 1990ರ ದಶಕದಲ್ಲಿ ಸೊಂಟ ಸಣ್ಣಗಿರುವ ಸ್ಕೀಗಳು ಬಂದ ಮೇಲೆ ಗದ್ದದಿಂದ ನೆತ್ತಿಯವರೆಗಿನ ಉದ್ದವೇ ಹೆಚ್ಚಿನವರಿಗೆ ಸಾಕು, ಹೊಸಬರಿಗೆ ಗದ್ದದ ಹತ್ತಿರದ್ದು ಸುಲಭ. ಎರಡು ಮಾಡೆಲ್ ಹೋಲಿಸುವುದಾದರೆ ಒಂದೇ ಇಳಿಜಾರಿನಲ್ಲಿ, ಹತ್ತಿರದ ಹೊತ್ತಿನಲ್ಲಿ ಹೋಲಿಸಿ. ಬೆಳಗಿನ ಗಟ್ಟಿ ಹಿಮದಲ್ಲಿ ಒಂದು, ಮಧ್ಯಾಹ್ನದ ಕರಗಿದ ಹಿಮದಲ್ಲಿ ಇನ್ನೊಂದು ಆಡಿದರೆ ನೀವು ಪರೀಕ್ಷಿಸಿದ್ದು ಹಿಮವನ್ನು.

ಇಷ್ಟಾದ ಮೇಲೂ ಸ್ಕೀ ಸುಮ್ಮಸುಮ್ಮನೆ ಕಳಚುತ್ತಿದೆಯೇ? ಮೊದಲು ಬೂಟಿನ ಅಟ್ಟೆ ತಿರುಗಿಸಿ ನೋಡಿ. ಅಲ್ಲಿ ಹಿಮ ಹೆಪ್ಪುಗಟ್ಟಿದ್ದರೆ ಬೂಟು ಸರಿಯಾಗಿ ಕೂರುವುದಿಲ್ಲ, ಕೆರೆದು ಮತ್ತೆ ಹಾಕಿ. ಆಗಲೂ ಕಳಚಿದರೆ ನೀವೇ ಸ್ಕ್ರೂಡ್ರೈವರ್ ಹಿಡಿಯದೆ ಕೌಂಟರಿಗೆ ಮರಳಿ, ಬೂಟನ್ನೂ ಜೊತೆಗೇ ಕೊಟ್ಟು ಮತ್ತೊಮ್ಮೆ ಹೊಂದಿಸಲು ಹೇಳಿ.